ಮಲೆನಾಡಿನಲ್ಲಿ ವೇಗದ ಕಾರು: ಮನೆಯಂಗಳದಲ್ಲೇ ತೊಳೆಯುವ, ಒಣಗಿಸುವ, ಕಾಪಾಡುವ ವಿಧಾನ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಡೆ ಶಕ್ತಿಶಾಲಿ ಕಾರನ್ನು ಆಸೆಪಟ್ಟು ಕೊಂಡು ಆಸ್ಥೆಯಿಂದ ನೋಡಿಕೊಳ್ಳುವವರು ಈಗ ಕಡಿಮೆಯೇನಿಲ್ಲ. 2020ರಲ್ಲಿ ಇಡೀ ದೇಶಕ್ಕೆ 200 ಮಾತ್ರ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಇರಲಿ, ಬಿಎಂಡಬ್ಲ್ಯು ಎಂ340ಐ ಇರಲಿ, ಹಳೆಯ ಪೋಲೋ ಜಿಟಿಐ ಇರಲಿ, ಇಂತಹ ಕಾರುಗಳ ಆರೈಕೆಯ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣಹವೆಯ ನಗರಗಳನ್ನೂ ಬಾಗಿಲು ಮುಚ್ಚಿದ ಗ್ಯಾರೇಜುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಮ್ಮಲ್ಲಿ ಆರಿದ್ರಾ ಮಳೆ ಹಿಡಿದರೆ ಮಖೆ ಮುಗಿಯುವವರೆಗೆ ಕಾರಿನ ಮೈ ಪೂರ್ತಿ ಒಣಗುವ ದಿನಗಳೇ ವಿರಳ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂತಹ ಕಡೆ ತೊಳೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಮುಂದೆ ಹೇಳುವ ಕ್ರಮಗಳೆಲ್ಲ ಅದನ್ನೇ ಆಧರಿಸಿವೆ.

ಮಳೆಯಲ್ಲಿ ನಿಂತ ಕಾರು ತಾನಾಗಿಯೇ ತೊಳೆದುಕೊಳ್ಳುತ್ತದೆ ಎಂದು ನಂಬಿದವರು ಹಲವರಿದ್ದಾರೆ. ಮಳೆ ಮೇಲಿನ ಧೂಳನ್ನು ಇಳಿಸುತ್ತದೆ ನಿಜ, ಆದರೆ ಅದೇ ನೀರು ಕೆಮ್ಮಣ್ಣನ್ನು ಚಕ್ರದ ಕಮಾನಿನೊಳಕ್ಕೆ, ಬಾಗಿಲಿನ ಅಡಿಯಂಚಿಗೆ, ಬಂಪರಿನ ಹಿಂಭಾಗಕ್ಕೆ ಒಯ್ದು ಮೆತ್ತುತ್ತದೆ. ವೇಗದ ಕಾರುಗಳ ತಳದಲ್ಲಿ ಗಾಳಿ ಸರಾಗವಾಗಿ ಹರಿಯಲೆಂದು ಅಗಲವಾದ ಪ್ಲಾಸ್ಟಿಕ್ ಹಲಗೆಗಳನ್ನು ಕೂರಿಸಿರುತ್ತಾರೆ. ಅವುಗಳ ಮೇಲ್ಮೈಯಲ್ಲಿ ಕೂತ ಮಣ್ಣು ವಾರಗಟ್ಟಲೆ ತೇವ ಹಿಡಿದಿಟ್ಟುಕೊಂಡು ಅಲ್ಲಿನ ಬೋಲ್ಟು, ಕ್ಲಿಪ್ಪು, ಪೈಪುಗಳಿಗೆ ತುಕ್ಕು ತರುತ್ತದೆ.

ಜಾಗ, ನೀರು, ಹೊತ್ತು

ಕಾರು ತೊಳೆಯಲು ಕಲ್ಲುಹಾಸು ಅಥವಾ ಸಿಮೆಂಟಿನ ನೆಲವಿರುವ, ನೀರು ಒಂದು ಕಡೆಗೆ ಹರಿದುಹೋಗುವ ಜಾಗ ಬೇಕು. ಬರಿಯ ಮಣ್ಣಿನಂಗಳದಲ್ಲಿ ನೀರು ಬಿಟ್ಟರೆ ಸಿಡಿದ ಕೆಸರು ತೊಳೆದ ಬಾಗಿಲಿನ ಮೇಲೆಯೇ ಬಂದು ಕೂರುತ್ತದೆ. ಹಲಸು, ಮಾವಿನ ಮರಗಳ ನೆರಳು ಎಷ್ಟೇ ತಂಪಾಗಿದ್ದರೂ ಅಲ್ಲಿ ಸೋನೆ, ಹಕ್ಕಿಯ ಹಿಕ್ಕೆ, ಎಲೆಯ ಕಲೆ ತಪ್ಪುವುದಿಲ್ಲ. ಅಡಿಕೆ ಒಣಗಿಸುವ ಅಂಗಳ ಸಪಾಟಾಗಿದ್ದು ಮನಸ್ಸನ್ನು ಸೆಳೆದರೂ ಅಲ್ಲಿ ತೊಳೆಯುವುದು ಸರಿಯಲ್ಲ, ಏಕೆಂದರೆ ಚಕ್ರದಿಂದ ಇಳಿಯುವ ನೀರಿನಲ್ಲಿ ಬ್ರೇಕಿನ ಲೋಹದ ಪುಡಿಯೂ ಎಣ್ಣೆಯ ಅಂಶವೂ ಇರುತ್ತವೆ ಮತ್ತು ಅದೇ ನೆಲದ ಮೇಲೆ ಮುಂದೆ ಜನ ಬಾಯಿಗೆ ಹಾಕಿಕೊಳ್ಳುವ ವಸ್ತು ಹರಡಿಕೊಳ್ಳುತ್ತದೆ. ಇದೇ ಕಾರಣಕ್ಕೆ ಕಾರನ್ನು ತುಂಗೆಯ ದಡಕ್ಕಾಗಲಿ ಹಳ್ಳದ ಬದಿಗಾಗಲಿ ಇಳಿಸಬಾರದು. ಕೆಳಗಿನ ಊರಿನವರು ಕುಡಿಯುವ ನೀರಿಗೆ ಅದನ್ನು ಬೆರೆಸುವ ಹಕ್ಕು ಯಾರಿಗೂ ಇಲ್ಲ. ಮನೆಯ ಬಾವಿಯಿಂದಲೂ ಸಾಕಷ್ಟು ದೂರವಿರುವುದು ಲೇಸು.

ನೀರಿನ ವಿಚಾರದಲ್ಲಿ ಮಲೆನಾಡಿನವರಿಗೆ ಒಂದು ಅನುಕೂಲವಿದೆ. ಕೊಳವೆಬಾವಿಯ ನೀರಿನಲ್ಲಿ ಸುಣ್ಣದಂಶವೋ ಕಬ್ಬಿಣದಂಶವೋ ಹೆಚ್ಚಿದ್ದರೆ ಅದು ಆರಿದಾಗ ಬಣ್ಣದ ಮೇಲೂ ಗಾಜಿನ ಮೇಲೂ ಬಿಳಿಯ ಅಥವಾ ಕಂದು ಉಂಗುರಗಳು ಉಳಿಯುತ್ತವೆ. ಗಾಢ ಬಣ್ಣದ ಕಾರಿನಲ್ಲಿ ಅವು ಎದ್ದು ಕಾಣುತ್ತವೆ. ಮಳೆಯ ನೀರಿನಲ್ಲಿ ಕರಗಿದ ಲವಣಗಳು ತೀರಾ ಕಡಿಮೆ. ಮುಂಗಾರಿನ ಮೊದಲ ಕೆಲವು ಮಳೆಗಳು ಹೆಂಚಿನ ಮೇಲಿನ ಧೂಳು, ಪಾಚಿ, ತರಗೆಲೆಗಳನ್ನು ತೊಳೆದುಕೊಂಡು ಹೋಗಲಿ. ಆಮೇಲೆ ಸೂರಿನ ನೀರನ್ನು ಒಂದು ಡ್ರಮ್ಮಿಗೆ ಹಿಡಿದು ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಎರಡು ಬಾರಿ ಸೋಸಿದರೆ ಕೊನೆಯ ಜಾಲಾಟಕ್ಕೆ ಅದಕ್ಕಿಂತ ಒಳ್ಳೆಯ ನೀರು ಸಿಗುವುದಿಲ್ಲ. ತೊಳೆಯುವಿಕೆಯ ಉಳಿದ ಹಂತಗಳಿಗೆ ಬಾವಿಯ ನೀರೋ ನಲ್ಲಿಯ ನೀರೋ ಸಾಕು.

ಬಿಸಿಲಿನಲ್ಲಿ ನಿಂತು ಕಾದ ಕಾರಿಗೆ ನೀರು ಹಾಕಬಾರದು. ಶಾಂಪೂ ಬಣ್ಣದ ಮೇಲೆಯೇ ಒಣಗಿ ಕಲೆಯಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬ್ರೇಕು. ಘಾಟಿ ಇಳಿದು ಬಂದ ಕಾರಿನ ಬ್ರೇಕ್ ಡಿಸ್ಕ್‌ಗಳು ನೂರಾರು ಡಿಗ್ರಿ ಕಾದಿರುತ್ತವೆ. ಅವುಗಳ ಮೇಲೆ ತಣ್ಣೀರು ಎರಚಿದರೆ ಲೋಹ ಒಂದೇ ಸಮನಾಗಿ ತಣಿಯದೆ ಡಿಸ್ಕ್ ಸೊಟ್ಟಗಾಗುವ, ಬಿರುಕು ಬಿಡುವ ಅಪಾಯವಿದೆ. ಕನಿಷ್ಠ ಒಂದು ಗಂಟೆ ಬಿಟ್ಟು, ಚಕ್ರದ ಹತ್ತಿರ ಕೈ ಹಿಡಿದರೆ ಶಾಖ ತಾಗದಷ್ಟು ಆರಿದ ಮೇಲೆ ಕೆಲಸಕ್ಕೆ ಇಳಿಯಬೇಕು. ಬೇಸಿಗೆಯಲ್ಲಿ ಬೆಳಗಿನ ಎಂಟರೊಳಗಿನ ಹೊತ್ತು ಉತ್ತಮ. ಮಳೆಗಾಲದಲ್ಲಿ ಮಳೆ ಹೊಳವು ಕೊಟ್ಟ ಮಧ್ಯಾಹ್ನವನ್ನೇ ಆರಿಸಿಕೊಳ್ಳಬೇಕು, ಏಕೆಂದರೆ ಸಂಜೆ ತೊಳೆದ ಕಾರು ಆ ರಾತ್ರಿಯೆಲ್ಲ ಒದ್ದೆಯಾಗಿಯೇ ಇರುತ್ತದೆ.

ಕೈ ಮುಟ್ಟಿಸುವ ಮೊದಲು

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು. ನಮ್ಮ ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣಗಳು ಈ ಪದರಕ್ಕಿಂತ ಎಷ್ಟೋ ಪಾಲು ಗಟ್ಟಿ. ಒದ್ದೆ ಬಟ್ಟೆಯಿಂದ ಒಮ್ಮೆ ಎಳೆದು ಒರೆಸಿದರೂ ಅವು ಸೂಕ್ಷ್ಮ ಗೆರೆಗಳನ್ನು ಕೊರೆಯುತ್ತವೆ. ಬಿಸಿಲಿನಲ್ಲಿ ನೋಡಿದಾಗ ಜೇಡರ ಬಲೆಯಂತೆ ಸುತ್ತು ಸುತ್ತಾಗಿ ಕಾಣುವ ಗೆರೆಗಳು ಹುಟ್ಟುವುದು ಹೀಗೆಯೇ, ಅವುಗಳಲ್ಲಿ ಬಹುಪಾಲು ತೊಳೆಯುವಾಗ ಮತ್ತು ಒರೆಸುವಾಗ ಆದವು. ಆದ್ದರಿಂದ ಕೈಯಾಗಲಿ ಬಟ್ಟೆಯಾಗಲಿ ಬಣ್ಣವನ್ನು ಮುಟ್ಟುವ ಮೊದಲೇ ಸಾಧ್ಯವಾದಷ್ಟು ಮಣ್ಣನ್ನು ಬರಿಯ ನೀರಿನಿಂದ ಇಳಿಸಬೇಕು. ದಿನಾ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಧೂಳು ಕೊಡವುವ ಅಭ್ಯಾಸವನ್ನು ಈ ಒಂದು ಕಾರಣಕ್ಕೆ ಪೂರ್ತಿ ಬಿಡಬೇಕು.

ಚಕ್ರಗಳಿಂದ ಆರಂಭಿಸುವುದು ಸರಿಯಾದ ಕ್ರಮ. ಅವೇ ಎಲ್ಲಕ್ಕಿಂತ ಕೊಳಕು, ಮತ್ತು ಅಲ್ಲಿಂದ ಸಿಡಿದದ್ದು ಮುಂದೆ ಮೈ ತೊಳೆಯುವಾಗ ಹೋಗುತ್ತದೆ. ಅಲಾಯ್ ಚಕ್ರಕ್ಕೆ ಆಮ್ಲವಿರುವ ಕ್ಲೀನರ್ ಬಳಸಬಾರದು. ಹೊಳಪಿಗಾಗಿ ಮುಖಭಾಗವನ್ನು ಯಂತ್ರದಲ್ಲಿ ಕೆತ್ತಿದ ಚಕ್ರಗಳಿಗಂತೂ ಅದು ವಿಷ. ಪಿಎಚ್ ಸಮವಾಗಿರುವ, ಅಂದರೆ ಆಮ್ಲವೂ ಕ್ಷಾರವೂ ಅಲ್ಲದ ದ್ರಾವಣ, ಕಡ್ಡಿಗಳ ನಡುವೆ ಹೋಗುವ ಮೆತ್ತನೆಯ ಉದ್ದನೆಯ ಬ್ರಷ್, ನಟ್ಟುಗಳ ಗುಳಿಗೆ ಒಂದು ಸಣ್ಣ ಬ್ರಷ್ ಇದ್ದರೆ ಸಾಕು. ಬ್ರೇಕ್ ಪ್ಯಾಡಿನಿಂದ ಉದುರಿ ಕಚ್ಚಿಕೊಂಡ ಕಬ್ಬಿಣದ ಪುಡಿಯನ್ನು ಕರಗಿಸುವ ಐರನ್ ರಿಮೂವರ್ ಎಂಬ ದ್ರವವನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಬಳಸಬಹುದು. ಅದು ಕಬ್ಬಿಣ ತಾಗಿದ ಕಡೆ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಒಣಗುವ ಮೊದಲೇ ಜಾಲಾಡಬೇಕು. ಚಕ್ರಕ್ಕೆ ಬಳಸಿದ ಬಟ್ಟೆ, ಬಕೆಟ್ಟುಗಳನ್ನು ಮೈಗೆ ಎಂದೂ ಬಳಸಬಾರದು.

ಚಕ್ರದ ಕಮಾನುಗಳಿಗೆ ತಾಳ್ಮೆ ಬೇಕು. ಒಣಗಿದ ಕೆಮ್ಮಣ್ಣಿಗೆ ಮೊದಲು ನೀರು ಚಿಮುಕಿಸಿ ಹತ್ತು ನಿಮಿಷ ನೆನೆಯಲು ಬಿಟ್ಟು, ಆಮೇಲೆ ಪ್ರೆಶರ್ ವಾಷರನ್ನು ಕೆಳಗಿನಿಂದ ಮೇಲಕ್ಕೆ ಹಿಡಿದರೆ ಮಣ್ಣು ಹೆಂಟೆ ಹೆಂಟೆಯಾಗಿ ಬೀಳುತ್ತದೆ. ಬೀಳುವ ನೀರು ತಿಳಿಯಾಗುವವರೆಗೆ ನಿಲ್ಲಿಸಬೇಡಿ. ಕಮಾನಿನ ಒಳಅಂಚು ಮಡಚಿಕೊಂಡಿರುವ ಜಾಗಕ್ಕೆ ಬೆರಳು ಹಾಕಿ ನೋಡಿ. ತೊಳೆದಾಯಿತು ಎಂದುಕೊಂಡ ಮೇಲೂ ಅಲ್ಲಿ ಒಂದು ಸಾಲು ಕೆಸರು ಉಳಿದಿರುವುದೇ ಹೆಚ್ಚು. ಕಾರಿನ ತಳಕ್ಕೆ ಅಡಿಯಿಂದ ಮೇಲಕ್ಕೆ ಚಿಮ್ಮುವ, ಬಾಗಿದ ಕೊಳವೆಯ ನಾಝಲ್ ಸಿಗುತ್ತದೆ. ಉಡುಪಿ, ಹೊನ್ನಾವರ, ಮುರುಡೇಶ್ವರದ ಕಡಲ ಬದಿಗೆ ಹೋಗಿ ಬಂದವರು ಒಂದೆರಡು ದಿನಗಳೊಳಗೆ ತಳವನ್ನು ಹೀಗೆ ತೊಳೆಯಲೇಬೇಕು, ಏಕೆಂದರೆ ಉಪ್ಪು ಮತ್ತು ನಮ್ಮ ತೇವ ಎರಡೂ ಸೇರಿದರೆ ತುಕ್ಕು ಬೇಗ ಹಿಡಿಯುತ್ತದೆ.

ಪ್ರೆಶರ್ ವಾಷರ್ ಬಳಸುವಾಗ ಅಗಲವಾಗಿ ಹರಡುವ ನಾಝಲ್ ಇರಲಿ, ಬಣ್ಣದಿಂದ ಒಂದು ಅಡಿಗಿಂತ ಹತ್ತಿರ ಹಿಡಿಯಬೇಡಿ. ಟೈರಿನ ಪಕ್ಕೆ, ಬಾಗಿಲಿನ ರಬ್ಬರು, ಬಂಪರಿನಲ್ಲಿರುವ ಸೆನ್ಸರ್‌ಗಳು, ಬಣ್ಣ ಚಕ್ಕೆ ಎದ್ದ ಜಾಗ, ಬಣ್ಣ ಕಾಯಲೆಂದು ಅಂಟಿಸುವ ಪಾರದರ್ಶಕ ಪಿಪಿಎಫ್ ಹಾಳೆಯ ಅಂಚು ಇವುಗಳಿಗೆ ನೇರವಾಗಿ ಹೊಡೆಯಬಾರದು. ಬಾನೆಟ್ ತೆರೆದು ಎಂಜಿನ್ನಿಗೆ ಪ್ರೆಶರ್ ವಾಷರ್ ಹಿಡಿಯುವುದನ್ನು ನಾನು ಯಾರಿಗೂ ಹೇಳಲಾರೆ. ಅಲ್ಲಿನ ಪ್ಲಾಸ್ಟಿಕ್ ಮುಚ್ಚಳಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ವೈರಿನ ಜೋಡಣೆಗಳೊಳಗೆ ಹೊಕ್ಕ ನೀರು ನಮ್ಮ ಹವೆಯಲ್ಲಿ ಬೇಗ ಆರುವುದಿಲ್ಲ.

ಎರಡು ಬಕೆಟ್ಟಿನ ಕ್ರಮ

ಜಾಲಾಡಿದ ಮೇಲೆ ಸ್ನೋ ಫೋಮ್ ಎಂಬ ದಟ್ಟ ನೊರೆಯನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಿ, ನಾಲ್ಕೈದು ನಿಮಿಷ ಬಿಟ್ಟು, ಒಣಗುವ ಮೊದಲೇ ತೊಳೆಯಬೇಕು. ನೊರೆ ಕೆಂಪಾಗಿ ಇಳಿಯುವುದನ್ನು ನೋಡಿದರೆ ಮೊದಲ ಜಾಲಾಟದಲ್ಲಿ ಎಷ್ಟು ಮಣ್ಣು ಉಳಿದಿತ್ತೆಂದು ತಿಳಿಯುತ್ತದೆ. ಆಮೇಲೆ ಕೈಯಿಂದ ತೊಳೆಯುವ ಕೆಲಸ. ಒಂದು ಬಕೆಟ್ಟಿನಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು ಇರಲಿ, ಎರಡರ ತಳದಲ್ಲೂ ಜಾಲರಿ ಇರಲಿ. ಮೈಕ್ರೋಫೈಬರಿನ ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ ಒಂದು ಭಾಗವನ್ನು ತೊಳೆದು, ಬರಿಯ ನೀರಿನ ಬಕೆಟ್ಟಿನ ಜಾಲರಿಗೆ ಉಜ್ಜಿ ಮಣ್ಣು ಬಿಡಿಸಿ, ಹಿಂಡಿ, ಮತ್ತೆ ಶಾಂಪೂವಿಗೆ ಅದ್ದಬೇಕು. ಇಳಿದ ಕಣಗಳು ಜಾಲರಿಯ ಕೆಳಗೆ ಉಳಿಯುವುದರಿಂದ ಗವಸಿಗೆ ಮತ್ತೆ ಹತ್ತುವುದಿಲ್ಲ. ಪಾತ್ರೆ ತೊಳೆಯುವ ಸಾಬೂನು, ಬಟ್ಟೆಯ ಪುಡಿ, ಸೀಗೆಪುಡಿ ಇವು ಯಾವುವೂ ಕಾರಿಗೆ ಹೊಂದುವುದಿಲ್ಲ. ಮೊದಲಿನವೆರಡು ಬಣ್ಣಕ್ಕೆ ಹಚ್ಚಿದ ಮೇಣವನ್ನೇ ಕಿತ್ತೊಯ್ಯುತ್ತವೆ, ಸೀಗೆಪುಡಿಯ ತರಿ ಬಣ್ಣವನ್ನು ಗೀರುತ್ತದೆ.

ಮೇಲ್ಛಾವಣಿಯಿಂದ ಆರಂಭಿಸಿ ಗಾಜು, ಬಾನೆಟ್, ಬಾಗಿಲಿನ ಮೇಲರ್ಧ ಹೀಗೆ ಇಳಿದು, ಬಾಗಿಲಿನ ಕೆಳಭಾಗ ಮತ್ತು ಹಿಂದಿನ ಬಂಪರನ್ನು ಕೊನೆಗೆ ಉಳಿಸಿಕೊಳ್ಳಬೇಕು. ಕೈ ನೇರ ಗೆರೆಯಲ್ಲಿ ಸಾಗಲಿ, ಒತ್ತಡ ಬೇಡ, ಗವಸಿನ ಸ್ವಂತ ತೂಕವೇ ಸಾಕು. ನಡುವೆ ಎಲ್ಲಿಯಾದರೂ ಕಿರ್ ಎಂಬ ಸಣ್ಣ ಸದ್ದು ಕೇಳಿದರೆ ಅಥವಾ ಬೆರಳಿಗೆ ತರಿತರಿಯಾಗಿ ತಾಗಿದರೆ ತಕ್ಷಣ ನಿಲ್ಲಿಸಿ, ಆ ಜಾಗಕ್ಕೆ ನೀರು ಬಿಟ್ಟು, ಗವಸನ್ನು ತೊಳೆದು ಮುಂದುವರಿಯಬೇಕು. ನೆಲಕ್ಕೆ ಬಿದ್ದ ಗವಸನ್ನು ಆ ದಿನ ಮತ್ತೆ ಬಳಸಬಾರದು. ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರಿಗೂ ತೊಳೆಯುವ ಕ್ರಮ ಇದೇ. ಆದರೆ ಅದಕ್ಕೆ ಪಾಲಿಶ್, ಮೇಣ, ಹೊಳಪು ಕೊಡುವ ಶಾಂಪೂ ಯಾವುದೂ ತಾಗಕೂಡದು, ಉಜ್ಜಿದ ಜಾಗ ಹೊಳೆಯಲಾರಂಭಿಸಿದರೆ ಅದನ್ನು ಹಿಂದಿನಂತೆ ಮಾಡಲು ಬರುವುದಿಲ್ಲ.

ಒಣಗಿಸುವುದು

ಕೊನೆಯ ಜಾಲಾಟಕ್ಕೆ ನಾಝಲ್ ತೆಗೆದು, ಪೈಪಿನಿಂದ ನೀರನ್ನು ಮೇಲ್ಛಾವಣಿಯ ಮೇಲೆ ಮೆಲ್ಲಗೆ ಹರಿಯಬಿಟ್ಟರೆ ಅದು ಹಾಳೆಯಂತೆ ಜಾರಿ ಹನಿಗಳನ್ನು ತನ್ನೊಂದಿಗೆ ಎಳೆದುಕೊಂಡು ಹೋಗುತ್ತದೆ. ಸೋಸಿಟ್ಟ ಮಳೆನೀರನ್ನು ಚೊಂಬಿನಿಂದ ಹೀಗೆಯೇ ಸುರಿಯಬಹುದು. ನಂತರ ದಪ್ಪನೆಯ ಮೈಕ್ರೋಫೈಬರ್ ಟವೆಲನ್ನು ಬಾನೆಟ್ಟಿನ ಮೇಲೆ ಹರಡಿ, ಉಜ್ಜದೆ, ಎರಡು ತುದಿಗಳನ್ನು ಹಿಡಿದು ತನ್ನ ಕಡೆಗೆ ಮೆಲ್ಲಗೆ ಎಳೆದುಕೊಳ್ಳಬೇಕು. ಹಳೆಯ ಬನಿಯನ್, ಪಂಚೆ, ರಬ್ಬರಿನ ಪಟ್ಟಿಯ ವೈಪರ್ ಇವುಗಳಿಗೆ ಇಲ್ಲಿ ಜಾಗವಿಲ್ಲ.

ಮೈ ಒರೆಸಿದ ಮೇಲೆ ಕಾರು ಒಣಗಿದಂತೆ ಕಾಣುತ್ತದೆ, ಆದರೆ ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ. ಒಂದು ಬಾಗಿಲು ತೆರೆದು ಅದರ ಕೆಳಅಂಚನ್ನು ನೋಡಿ. ಅಲ್ಲಿ ನೀರು ಹರಿದುಹೋಗಲೆಂದು ಎರಡು ಮೂರು ಸಣ್ಣ ಸೀಳುಗಳನ್ನು ಬಿಟ್ಟಿರುತ್ತಾರೆ. ಮಳೆಗಾಲದ ಕಾರಿನಲ್ಲಿ ಅವು ಕೆಂಪು ಜೇಡಿಯಿಂದ ಮುಚ್ಚಿಹೋಗಿರುತ್ತವೆ. ತೆಂಗಿನ ಕಡ್ಡಿಯ ಮೊಂಡು ತುದಿಯಿಂದ ಹಗುರವಾಗಿ ಬಿಡಿಸಿದರೆ ಒಳಗೆ ನಿಂತ ಕಂದು ನೀರು ಒಮ್ಮೆಲೇ ಸುರಿದು ನೆಲಕ್ಕೆ ಬೀಳುತ್ತದೆ. ಆ ನೀರು ಒಳಗೇ ನಿಂತರೆ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ ಮತ್ತು ಹೊರಗೆ ಬಣ್ಣ ಉಬ್ಬುವವರೆಗೆ ಅದು ಯಾರಿಗೂ ಗೊತ್ತಾಗುವುದಿಲ್ಲ.

ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ ಇರುವ ತೊಟ್ಟಿಯಂತಹ ಜಾಗಕ್ಕೂ ಇಷ್ಟೇ ಗಮನ ಬೇಕು. ಬಾನೆಟ್ ಎತ್ತಿದರೆ ಆ ತೊಟ್ಟಿಯ ಎರಡೂ ತುದಿಗಳು ಕಾಣುತ್ತವೆ. ಸಿಲ್ವರ್ ಓಕಿನ ಎಲೆ, ಹೂವಿನ ಎಸಳು, ಕೊಳೆತು ಗೊಬ್ಬರವಾದ ಕಸ ಎಲ್ಲ ಅಲ್ಲಿ ಸೇರಿಕೊಂಡು ನೀರಿಳಿಯುವ ಕಿಂಡಿಯನ್ನು ಮುಚ್ಚುತ್ತವೆ. ಜಡಿಮಳೆಯಲ್ಲಿ ತೊಟ್ಟಿ ತುಂಬಿದರೆ ನೀರು ಎಸಿಯ ಗಾಳಿ ಸೆಳೆಯುವ ಬಾಯಿಯ ಮೂಲಕ ಕಾರಿನೊಳಕ್ಕೆ, ಕೆಲವು ಕಾರುಗಳಲ್ಲಿ ಹತ್ತಿರದಲ್ಲೇ ಇರುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳ ತನಕ ತಲುಪುತ್ತದೆ. ಮೇಲಿನ ಗಾಜಿನ ಕಿಂಡಿ, ಅಂದರೆ ಸನ್‌ರೂಫ್ ಇರುವ ಕಾರಿನಲ್ಲಿ ಅದರ ಮೂಲೆಗಳಲ್ಲಿರುವ ರಂಧ್ರಗಳಿಗೆ ಒಂದು ಲೋಟ ನೀರನ್ನು ನಿಧಾನವಾಗಿ ಹನಿಸಿ, ಅದು ಚಕ್ರದ ಹಿಂದಿನಿಂದಲೋ ಬಾಗಿಲಿನ ಕೀಲಿನ ಬಳಿಯಿಂದಲೋ ಹೊರಬರುತ್ತದೆಯೇ ಎಂದು ನೋಡಬೇಕು. ಬರದಿದ್ದರೆ ಬಲವಾದ ಗಾಳಿಯನ್ನಾಗಲಿ ಗಟ್ಟಿ ತಂತಿಯನ್ನಾಗಲಿ ತೂರಿಸಬಾರದು. ಒಳಗಿನ ಕೊಳವೆ ಜೋಡಣೆಯಿಂದ ಕಳಚಿಕೊಂಡರೆ ನೀರೆಲ್ಲ ಸೀಟಿನ ಕೆಳಗೆ ಇಳಿಯುತ್ತದೆ. ಮೃದುವಾದ ನೈಲಾನ್ ದಾರವನ್ನು ಮೆಲ್ಲಗೆ ತಳ್ಳಿ ನೋಡಬಹುದು.

ಕನ್ನಡಿಯ ಕೆಳಗಿನ ಸಂದು, ಬಾಗಿಲಿನ ಹಿಡಿಕೆ, ಇಂಧನದ ಮುಚ್ಚಳ, ಹಿಂದಿನ ದೀಪಗಳ ಸುತ್ತಲಿನ ಗೆರೆ, ಚಕ್ರದ ನಟ್ಟುಗಳ ಗುಳಿ ಇವುಗಳಿಂದ ನೀರು ಹೊರಡಿಸಲು ಗಾಳಿ ಊದುವ ಯಂತ್ರವೇ ಬೇಕು. ತೋಟದ ಎಲೆ ಊದಲು ಬಳಸುವ ಸಣ್ಣ ಬ್ಲೋವರ್ ಇದಕ್ಕೆ ಸಾಕು, ಅದರ ಬಾಯಿಗೆ ಧೂಳು ಅಂಟಿರದಿದ್ದರೆ ಆಯಿತು. ಬಾಗಿಲಿನ ರಬ್ಬರುಗಳನ್ನು ಒಣಗಿಸಿ ಎರಡು ತಿಂಗಳಿಗೊಮ್ಮೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿದರೆ ಪಾಚಿ ಹಿಡಿಯುವುದೂ ಇಲ್ಲ, ಬಿರುಕು ಬಿಡುವುದೂ ಇಲ್ಲ.

ಎಲ್ಲ ಮುಗಿದ ಮೇಲೆ ಕಾರನ್ನು ನಾಲ್ಕೈದು ಕಿಲೋಮೀಟರ್ ಓಡಿಸಿ ತರಬೇಕು. ಬ್ರೇಕ್ ಡಿಸ್ಕ್ ಎರಕದ ಕಬ್ಬಿಣದ್ದಾದ್ದರಿಂದ ತೊಳೆದ ಕೆಲವೇ ಗಂಟೆಗಳಲ್ಲಿ ಅದರ ಮೇಲೆ ಕಿತ್ತಳೆ ಬಣ್ಣದ ತುಕ್ಕು ಮೂಡುತ್ತದೆ. ಏಳೆಂಟು ಬಾರಿ ಹಗುರವಾಗಿ ಬ್ರೇಕ್ ಒತ್ತಿದರೆ ಡಿಸ್ಕ್ ಬಿಸಿಯಾಗಿ ಒಣಗುತ್ತದೆ. ಒದ್ದೆ ಡಿಸ್ಕಿಗೆ ಕೈಬ್ರೇಕ್ ಹಾಕಿ ವಾರಗಟ್ಟಲೆ ನಿಲ್ಲಿಸಿದರೆ ಪ್ಯಾಡು ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಸಮತಟ್ಟಾದ ನೆಲದಲ್ಲಿ ಗೇರಿನಲ್ಲಿ ನಿಲ್ಲಿಸಿ, ಚಕ್ರಗಳಿಗೆ ಮರದ ಅಡ್ಡೆ ಕೊಟ್ಟು, ಕೈಬ್ರೇಕ್ ಸಡಿಲಿಸಿಡುವುದು ಒಳ್ಳೆಯದು. ತಾನಾಗಿಯೇ ಬೀಳುವ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಅದನ್ನು ತಪ್ಪಿಸುವ ಕ್ರಮವನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಅಡಿಕೆ ಸೀಮೆಯ ಕಲೆಗಳು

ಕೊಳೆರೋಗ ತಡೆಯಲು ಅಡಿಕೆ ತೋಟಕ್ಕೆ ಹೊಡೆಯುವ ಬೋರ್ಡೋ ಮಿಶ್ರಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಇರುತ್ತವೆ. ಅದು ಎಲೆಗೆ ಅಂಟಿಕೊಳ್ಳಲೆಂದೇ ಮಾಡಿದ್ದು, ಗಾಳಿಗೆ ತೇಲಿ ಬಂದು ಕಾರಿಗೂ ಹಾಗೆಯೇ ಅಂಟಿಕೊಳ್ಳುತ್ತದೆ. ಔಷಧಿ ಹೊಡೆಯುವ ದಿನ ಕಾರನ್ನು ತೋಟದ ದಾರಿಯಿಂದ ದೂರ ಇಡುವುದೇ ಸರಿಯಾದ ಉಪಾಯ. ಬಿದ್ದಿದ್ದರೆ ಹಸಿಯಿರುವಾಗಲೇ ಧಾರಾಳವಾಗಿ ನೀರು ಹಾಕಿ ಇಳಿಸಬೇಕು. ನೀಲಿಯ ಚುಕ್ಕೆಗಳು ಒಣಗಿಹೋಗಿದ್ದರೆ ಉಗುರಿನಿಂದ ಕೆರೆಯದೆ, ಐದು ಪಾಲು ನೀರಿಗೆ ಒಂದು ಪಾಲು ಬಿಳಿ ವಿನೆಗರ್ ಬೆರೆಸಿ, ಅದರಲ್ಲಿ ನೆನೆಸಿದ ಬಟ್ಟೆಯನ್ನು ಎರಡು ನಿಮಿಷ ಚುಕ್ಕೆಗಳ ಮೇಲೆ ಹಾಸಿಟ್ಟು, ಸಡಿಲವಾದ ಮೇಲೆ ಶಾಂಪೂ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಬಣ್ಣವಿಲ್ಲದ ಅಲ್ಯೂಮಿನಿಯಂ ಭಾಗಗಳಿಗೂ ಕೆತ್ತಿದ ಚಕ್ರಗಳಿಗೂ ವಿನೆಗರ್ ತಾಗಿಸಬೇಡಿ.

ಹಲಸಿನ ಅಂಟಿಗೆ ಹಣ್ಣು ಬಿಡಿಸುವವರು ಕೈಗೆ ಹಚ್ಚಿಕೊಳ್ಳುವ ಕೊಬ್ಬರಿ ಎಣ್ಣೆಯೇ ಮದ್ದು. ಎಣ್ಣೆ ಸವರಿ ಕಾಲು ಗಂಟೆ ಬಿಟ್ಟರೆ ಅಂಟು ಮೆತ್ತಗಾಗಿ ಬಟ್ಟೆಗೆ ಬರುತ್ತದೆ, ಆಮೇಲೆ ಆ ಜಾಗವನ್ನು ಶಾಂಪೂವಿನಿಂದ ತೊಳೆದರಾಯಿತು. ಅಡಿಕೆ ಬೇಯಿಸಿದ ಚೊಗರು ಸಿಡಿದರೆ ಒಣಗಲು ಬಿಡಬಾರದು, ತಿಳಿ ಬಣ್ಣದ ಕಾರಿನ ಮೇಲೆ ಅದರ ಕಲೆ ಹಠಮಾರಿ. ಹಕ್ಕಿಯ, ಬಾವಲಿಯ ಹಿಕ್ಕೆಗೆ ಬಿಸಿಲು ತಾಗಿದರೆ ಅದು ಕ್ಲಿಯರ್ ಕೋಟನ್ನು ಕೊರೆಯುತ್ತದೆ. ಕಾರಿನಲ್ಲಿ ಯಾವಾಗಲೂ ಒಂದು ಬಾಟಲಿ ನೀರು, ಎರಡು ಶುಭ್ರ ಬಟ್ಟೆ ಇಟ್ಟುಕೊಂಡು, ನೆನೆಸಿ, ಉಜ್ಜದೆ ಎತ್ತಿಬಿಡಬೇಕು. ಮೊದಲ ಮಳೆಯ ರಾತ್ರಿಗಳಲ್ಲಿ ದೀಪಕ್ಕೆ ಮುತ್ತುವ ರೆಕ್ಕೆಹುಳುಗಳು ಮುಂದಿನ ಬಂಪರಿಗೆ ಬಡಿದು ಅಂಟುತ್ತವೆ, ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿಟ್ಟರೆ ಅವೂ ಸುಲಭವಾಗಿ ಬಿಡುತ್ತವೆ.

ಮೇಣವೋ ಸಿರಾಮಿಕ್ ಲೇಪವೋ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಯಾವುದನ್ನು ಹಚ್ಚಿದರೂ ಮೇ ತಿಂಗಳೊಳಗೆ, ಮೈ ಪೂರ್ತಿ ಒಣಗಿರುವಾಗ ಹಚ್ಚಿ ಮುಗಿಸಬೇಕು. ಲೇಪವಿರುವ ಕಾರಿನಿಂದ ನೀರು ಬೇಗ ಜಾರುತ್ತದೆ, ಒಣಗಿಸುವುದು ಹಗುರವಾಗುತ್ತದೆ. ಅದು ಗೀರು ತಡೆಯುವ ಕವಚವೆಂದು ನಂಬಿ ತೊಳೆಯುವ ಕ್ರಮವನ್ನು ಸಡಿಲಿಸಬಾರದು. ಸಿಡಿಯುವ ಕಲ್ಲಿನಿಂದ ಮುಂಭಾಗವನ್ನು ಕಾಯುವುದು ಪಿಪಿಎಫ್ ಹಾಳೆ ಮಾತ್ರ.

ಬಾನೆಟ್ಟಿನ ಕೆಳಗೆ, ಚಕ್ರದ ಬಳಿ

ಘಾಟಿಯಲ್ಲಿ ಓಡುವ ವೇಗದ ಕಾರಿನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬ್ರೇಕ್ ದ್ರವ, ಆದರೆ ಎಲ್ಲರೂ ಮರೆಯುವುದೂ ಅದನ್ನೇ. ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ಮಾನದಂಡವಿದೆ. ನೀರು ಹೀರಿದ ಮೇಲೆ ಅದೇ ದ್ರವಕ್ಕೆ ನಿಗದಿಯಾದ ಮಿತಿ 155 ಡಿಗ್ರಿ ಮಾತ್ರ. ಆಗುಂಬೆಯ ಹದಿನಾಲ್ಕು ಹಿಮ್ಮುರಿ ತಿರುವುಗಳನ್ನು ಸೋಮೇಶ್ವರದ ಕಡೆಗೆ ಇಳಿಯುವಾಗ ದ್ರವ ಕುದಿದು ಆವಿಯ ಗುಳ್ಳೆಗಳು ಎದ್ದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಎಷ್ಟು ಕಡಿಮೆ ಓಡಿಸಿದ್ದರೂ ಎರಡು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಅದನ್ನು ಬದಲಿಸಲೇಬೇಕು. ಇದನ್ನು ವರ್ಕ್‌ಶಾಪಿನಲ್ಲಿ ಮಾಡಿಸುವುದು ಕ್ಷೇಮ, ಮಾಡಿಸಿದ ತಾರೀಖನ್ನು ಬರೆದಿಟ್ಟುಕೊಳ್ಳುವುದು ನಮ್ಮ ಹೊಣೆ.

ಎಂಜಿನ್ ಆಯಿಲ್ ತಯಾರಕರು ಹೇಳಿದ ದರ್ಜೆಯದೇ ಇರಬೇಕು, ಡಬ್ಬಿಯ ಮೇಲೆ ಆ ಅನುಮೋದನೆಯ ಸಂಖ್ಯೆ ಅಚ್ಚಾಗಿರಬೇಕು. 15,000 ಕಿಲೋಮೀಟರಿಗೊಮ್ಮೆ ಬದಲಿಸಿ ಎಂದು ಪುಸ್ತಕದಲ್ಲಿದ್ದರೂ ಘಾಟಿಯ ಏರು, ಪೇಟೆಯೊಳಗಿನ ಸಣ್ಣ ಓಡಾಟ ಎರಡೂ ಇರುವ ನಮ್ಮ ಬಳಕೆಗೆ 7,500ರಿಂದ 10,000 ಕಿಲೋಮೀಟರಿನೊಳಗೆ ಬದಲಿಸುವುದು ಟರ್ಬೊ ಇರುವ ಎಂಜಿನ್ನಿಗೆ ಹಿತ. ಹುಲಿಕಲ್ ಘಾಟಿಯನ್ನು ರಭಸದಿಂದ ಹತ್ತಿ ಬಂದ ಕಾರನ್ನು ತಕ್ಷಣ ಆರಿಸದೆ ಕೊನೆಯ ಎರಡು ಮೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ ತಂದರೆ ಟರ್ಬೊ ತಣಿದಿರುತ್ತದೆ. ತಗ್ಗಿನಿಂದ ಗಾಳಿ ಸೆಳೆಯುವ ಇಂಟೇಕನ್ನು ಹೊರಗಿನಿಂದ ತಂದು ಕೂರಿಸಿದವರು ಮಳೆಗಾಲಕ್ಕೆ ಮೂಲದ ಪೆಟ್ಟಿಗೆಯನ್ನೇ ಹಾಕಿಸಿಕೊಳ್ಳಲಿ. ರಸ್ತೆಯಲ್ಲಿ ನಿಂತ ನೀರನ್ನು ಎಂಜಿನ್ ಒಮ್ಮೆ ಒಳಗೆಳೆದುಕೊಂಡರೆ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ.

ಅಗಲವಾದ ಟೈರು ಒಣ ರಸ್ತೆಯಲ್ಲಿ ಎಷ್ಟು ಹಿಡಿತ ಕೊಡುತ್ತದೆಯೋ ನಿಂತ ನೀರಿನ ಮೇಲೆ ಅಷ್ಟೇ ಬೇಗ ತೇಲುತ್ತದೆ. ಕಾನೂನಿನ ಪ್ರಕಾರ ಪಟ್ಟೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಆದರೆ ಮಲೆನಾಡಿನ ಮಳೆಗೆ 3 ಮಿಲಿಮೀಟರಿಗೆ ಇಳಿದ ಟೈರನ್ನೇ ಮುಗಿದದ್ದೆಂದು ತಿಳಿಯಬೇಕು. ಇಂತಹ ಕಾರುಗಳಲ್ಲಿ ಟೈರಿನ ಒಳಅಂಚು ಹೊರಗಿನದಕ್ಕಿಂತ ಬೇಗ ಸವೆಯುವುದರಿಂದ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಒಳಅಂಚಿನ ಆಳವನ್ನೂ ಅಳೆದು ನೋಡಿ. ಪಕ್ಕೆಯ ಮೇಲಿನ ನಾಲ್ಕಂಕಿಯ ಸಂಖ್ಯೆ ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತದೆ. 2324 ಎಂದಿದ್ದರೆ 2024ರ 23ನೇ ವಾರ. ಹವೆ 10 ಡಿಗ್ರಿ ತಣ್ಣಗಾದರೆ ಗಾಳಿಯೊತ್ತಡ ಒಂದೆರಡು ಪಿಎಸ್‌ಐ ಇಳಿಯುತ್ತದೆ. ಆದ್ದರಿಂದ ಕಾರು ಓಡುವ ಮೊದಲು, ಬೆಳಗಿನ ತಂಪಿನಲ್ಲಿಯೇ ಒತ್ತಡ ನೋಡಬೇಕು.

ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವ ಅಭ್ಯಾಸ ಇರಲಿ. ಮಳೆ, ಥಂಡಿ ಶುರುವಾದರೆ ಇಲಿಗಳು ಬೆಚ್ಚಗಿನ ಎಂಜಿನ್ ಹುಡುಕಿಕೊಂಡು ಬರುತ್ತವೆ. ಅಡಿಕೆ ಸಿಪ್ಪೆಯ ಚೂರು, ಹುಲ್ಲು, ಹಿಕ್ಕೆ ಕಂಡರೆ ಅಂದೇ ತೆಗೆದು, ವೈರುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಸಿಪ್ಪೆಯ ರಾಶಿ, ಹುಲ್ಲಿನ ಬಣವೆಗಳ ಪಕ್ಕ ಕಾರು ನಿಲ್ಲಿಸದಿರುವುದೇ ಅರ್ಧ ಪರಿಹಾರ.

ಒಳಭಾಗ ಮತ್ತು ನಿಲ್ಲಿಸಿಡುವ ಕ್ರಮ

ಚರ್ಮದ ಸೀಟು, ಸ್ಟಿಯರಿಂಗ್, ಬೆಲ್ಟುಗಳ ಮೇಲೆ ಆಷಾಢದಲ್ಲಿ ಬೂಷ್ಟು ಹಿಡಿಯುವುದು ಇಲ್ಲಿ ಎಲ್ಲರೂ ಕಂಡದ್ದೇ. ಒದ್ದೆ ಕೊಡೆ, ಒದ್ದೆ ಚಪ್ಪಲಿಗಳನ್ನು ಕಾರಿನೊಳಗೆ ಬಿಡಬಾರದು. ಕಾಲುಹಾಸುಗಳನ್ನು ತೆಗೆದು ಒಲೆಯ ಮನೆಯ ಬೆಚ್ಚಗಿನ ಕಡೆ, ಹೊಗೆ ತಾಗದಂತೆ ಒಣಗಿಸಬೇಕು. ಹಾಸಿನ ಕೆಳಗಿನ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ ನೋಡಿ, ತಣ್ಣಗೆ ಜಿನುಗಿದರೆ ಎಲ್ಲಿಂದಲೋ ನೀರು ಇಳಿಯುತ್ತಿದೆ ಎಂದೇ ಅರ್ಥ. ದಿನಬಿಟ್ಟು ದಿನ ಓಡಿಸುವಾಗ ಎಸಿ ಹಾಕಿದರೆ ಅದು ಒಳಗಿನ ತೇವವನ್ನು ಹಿಂಡಿ ಹೊರಹಾಕುತ್ತದೆ. ಮನೆ ತಲುಪುವ ಐದು ನಿಮಿಷ ಮೊದಲು ಎಸಿ ಆರಿಸಿ ಫ್ಯಾನ್ ಮಾತ್ರ ಬಿಟ್ಟರೆ ಕೊಳವೆಗಳೂ ಒಣಗಿ ಮುಗ್ಗಲು ವಾಸನೆ ಬರುವುದಿಲ್ಲ. ಬೂಷ್ಟನ್ನು ಒಣ ಬಟ್ಟೆಯಿಂದ ಕೊಡವಿದರೆ ಅದು ಹರಡುತ್ತದೆ. ಚರ್ಮಕ್ಕೆಂದೇ ಇರುವ ಕ್ಲೀನರಿನಿಂದ ಒರೆಸಿ, ಒಣಗಿಸಿ, ಆಮೇಲೆ ಕಂಡಿಷನರ್ ಸವರಬೇಕು.

ಮಳೆಗಾಲವೆಲ್ಲ ಕಾರನ್ನು ನಿಲ್ಲಿಸಿಡುವವರು ಪ್ಲಾಸ್ಟಿಕ್ ಹೊದಿಕೆಯನ್ನು ಮರೆತುಬಿಡಲಿ. ಅದು ಹೊರಗಿನ ನೀರು ತಡೆಯುವುದಕ್ಕಿಂತ ಒಳಗಿನ ತೇವವನ್ನು ಹಿಡಿದಿಡುವುದೇ ಹೆಚ್ಚು. ಮಾಡಿನ ಕೆಳಗೆ, ಗಾಳಿಯಾಡುವ ಕಡೆ, ಉಸಿರಾಡುವ ಹತ್ತಿಯ ಹೊದಿಕೆಯನ್ನು ತೊಳೆದು ಒಣಗಿದ ಕಾರಿಗೆ ಮಾತ್ರ ಹೊದಿಸಬೇಕು. ಟೈರಿನ ಒತ್ತಡವನ್ನು ಮೂರು ನಾಲ್ಕು ಪಿಎಸ್‌ಐ ಹೆಚ್ಚಿಸಿಡಿ. ಬ್ಯಾಟರಿ ಪೂರ್ತಿ ತುಂಬಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.4ಕ್ಕಿಂತ ಕೆಳಗಿಳಿಯಲು ಬಿಡದೆ ಆ ಬಗೆಯ ಬ್ಯಾಟರಿಗೆ ಹೊಂದುವ ಮೇಂಟೇನರ್ ಚಾರ್ಜರನ್ನು ಜೋಡಿಸಿಡಬೇಕು. ಕರೆಂಟು ಹೋಗಿ ಬರುವ ಊರುಗಳಲ್ಲಿ ಚಾರ್ಜರ್ ಮತ್ತೆ ತಾನಾಗಿ ಶುರುವಾಗುವಂಥದ್ದೇ ಇರಲಿ.

ಮಳೆ ಹಿಂದೆ ಸರಿದ ಮೇಲೆ ಕಾರನ್ನು ಹೊರಗೆ ತೆಗೆಯುವ ದಿನ ಮೊದಲು ಬಾನೆಟ್ ತೆರೆದು ಇಲಿಯ ಗುರುತು ನೋಡಿ, ಆಯಿಲ್ ಮಟ್ಟ ಪರೀಕ್ಷಿಸಿ, ಟೈರಿನ ಗಾಳಿಯನ್ನು ಮೊದಲಿನ ಅಳತೆಗೆ ತಂದು, ಅಂಗಳದೊಳಗೇ ಒಂದೆರಡು ಬಾರಿ ಬ್ರೇಕ್ ಹಿಡಿದು ನೋಡಬೇಕು. ತುಕ್ಕು ಕೆರೆದುಹೋಗುವವರೆಗೆ ಗರಗರ ಸದ್ದು ಬರುವುದು ಸಹಜ. ನಾಲ್ಕೈದು ಕಿಲೋಮೀಟರಿನ ನಂತರವೂ ಅದು ನಿಲ್ಲದಿದ್ದರೆ ಚಕ್ರ ಬಿಚ್ಚಿಸಿ ಪ್ಯಾಡು ಪರೀಕ್ಷಿಸಬೇಕು. ಕೂಲಂಟಿನ ಮುಳ್ಳು ನಡುವಿಗೆ ಬಂದಾಗ ಆಯಿಲ್ ಇನ್ನೂ ತಣ್ಣಗೇ ಇರುತ್ತದೆ. ಆಯಿಲ್ ಉಷ್ಣತೆ 80 ಡಿಗ್ರಿ ತಲುಪುವವರೆಗೆ, ಅದನ್ನು ತೋರಿಸುವ ಮಾಪಕ ಇಲ್ಲದಿದ್ದರೆ ಮೊದಲ ಹದಿನೈದು ನಿಮಿಷ, ಎಂಜಿನ್ನನ್ನು ನಿಮಿಷಕ್ಕೆ 3000 ಸುತ್ತಿನೊಳಗೆ ಇಟ್ಟುಕೊಂಡು ಓಡಿಸಿ.